ವೀಳ್ಯದೆಲೆಯೂ ನೀರಿನ ಕೊಡವೂ

ಕಳೆದ ಬೇಸಿಗೆಯ ರಜೆಯಲ್ಲಿ ಹಿರೇನಲ್ಲೂರಿಗೆ ಹೋಗಿದ್ದೆ. ಹಿತ್ತಿಲಿನಲ್ಲಿ ತುಂಬಿಟ್ಟಿದ್ದ ನೀಲಿ ಪ್ಲಾಸ್ಟಿಕ್ ಕೊಡವನ್ನು ಅಮ್ಮ ಸೊಂಟಕ್ಕೇರಿಸುವಷ್ಟರಲ್ಲಿ ಅದರ ಕಂಠ ಕಿತ್ತು ಕೈಗೆ ಬಂದಿತು. ನೀರೆಲ್ಲ ನೆಲದ ಪಾಲಾಯಿತು. ಕಡೂರು ಸೀಮೆಯ ಬೇಸಿಗೆಯಲ್ಲಿ ಒಂದು ಕೊಡ ನೀರಿನ ಬೆಲೆಯನ್ನು ಬಲ್ಲವರೇ ಬಲ್ಲರು.

“ತಂದು ಎರಡು ವರ್ಷವಾಗಿಲ್ಲ, ಹಪ್ಪಳದ ಹಾಗೆ ಮುರಿಯಿತಲ್ಲೋ! ತೋಟದ ಕರಿ ಪೈಪು ಎಷ್ಟೋ ವರ್ಷದಿಂದ ಬಿಸಿಲಲ್ಲೇ ಬಿದ್ದಿದೆ. ಅದಕ್ಕೇನೂ ಆಗದೆ ಇದಕ್ಕೇಕೆ ಹೀಗೆ?” ಎಂದರು ಅಮ್ಮ.

ಕನ್ನಡ ಪಾಠ ಹೇಳುವ ನನಗೆ ಉತ್ತರ ತಿಳಿಯಲಿಲ್ಲ. ಕಾಲೇಜಿಗೆ ಮರಳಿದ ಮೇಲೆ ರಸಾಯನಶಾಸ್ತ್ರದ ಮಿತ್ರರನ್ನು ಕೇಳಿದೆ. ಅವರು ನಕ್ಕು, “ನಿಮ್ಮ ತಾಯಿಯವರು ಬೆಣ್ಣೆ ಕಾಯಿಸುವಾಗ ವೀಳ್ಯದೆಲೆ ಹಾಕುತ್ತಾರೆಯೆ?” ಎಂದು ಮರುಪ್ರಶ್ನೆ ಹಾಕಿದರು.

ಅವರು ವಿವರಿಸಿದುದು ಇಷ್ಟು. ಕೊಡದ ಪ್ಲಾಸ್ಟಿಕ್ ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿಗಳಿಂದಾದದ್ದು. ಶಾಖದಿಂದಲೋ ಬಿಸಿಲಿನಿಂದಲೋ ಒಂದು ಕೊಂಡಿ ಕಳಚಿದರೆ ಗಾಳಿಯ ಆಮ್ಲಜನಕ ಅಲ್ಲಿ ಬಂದು ಸೇರುತ್ತದೆ. ಹಾಗೆ ಕೆಟ್ಟ ಸರಪಳಿಯು ನೆರೆಯದರಿಂದ ಜಲಜನಕವನ್ನು ಕಸಿದುಕೊಂಡು ಅದನ್ನೂ ಕೆಡಿಸುತ್ತದೆ. ಚಾಡಿಮಾತಿನಂತೆ ಈ ಕೇಡು ಹಬ್ಬುತ್ತಲೇ ಹೋಗುತ್ತದೆ. ತುಪ್ಪ ಕಮಟುವುದೂ ಇದೇ ಬಗೆಯಲ್ಲಿ. ವೀಳ್ಯದೆಲೆಯಲ್ಲಿರುವ ಫೀನಾಲ್ ಜಾತಿಯ ವಸ್ತುಗಳು ತಮ್ಮ ಜಲಜನಕವನ್ನು ತಾವಾಗಿ ಕೊಟ್ಟು ಆ ಕೇಡನ್ನು ಅಲ್ಲಿಗೇ ನಿಲ್ಲಿಸುತ್ತವೆ. ಪ್ಲಾಸ್ಟಿಕ್ಕಿಗೂ ಇಂಥದೇ ಫೀನಾಲುಗಳನ್ನು ಸಾವಿರಕ್ಕೆ ಒಂದೆರಡು ಪಾಲಿನಷ್ಟು ಬೆರೆಸುತ್ತಾರೆ. ಕರಗಿಸಿ ಅಚ್ಚು ಹಾಕುವಾಗಿನ ಶಾಖವನ್ನು ತಡೆಯಲು ಫಾಸ್ಫೈಟುಗಳು ಜೊತೆಗೂಡುತ್ತವೆ. ಕರಿ ಪೈಪಿನಲ್ಲಿಯಾದರೋ ಕಾಡಿಗೆಯಂಥ ಇಂಗಾಲದ ಪುಡಿ ನೂರಕ್ಕೆ ಎರಡು-ಮೂರು ಪಾಲು ಸೇರಿದ್ದು, ಬಿಸಿಲನ್ನೆಲ್ಲ ತಾನೇ ನುಂಗಿಕೊಳ್ಳುತ್ತದೆ.

ಆದರೆ ಎಲ್ಲ ಕಾವಲೂ ನಿರಪಾಯವಲ್ಲ. ಪಿ.ವಿ.ಸಿ. ಕೊಳವೆಗಳು ಶಾಖಕ್ಕೆ ಕೆಡದಂತೆ ಬಹುಕಾಲ ಸೀಸದ ಲವಣಗಳನ್ನು ಬೆರೆಸುತ್ತಿದ್ದರು. ಆ ಸೀಸ ಕುಡಿಯುವ ನೀರಿಗೂ ಇಳಿಯಬಲ್ಲದು. ಅದನ್ನು ನಿಯಂತ್ರಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮಗಳನ್ನು ಹೊರಡಿಸಿತು. ಸೀಸದ ಬದಲಿಗೆ ಕ್ಯಾಲ್ಸಿಯಂ-ಸತುವಿನ ಲವಣಗಳಿವೆ.

ನನ್ನ ಮನಸ್ಸಿನಲ್ಲಿ ಉಳಿದ ಮಾತು ಬೇರೊಂದು. ಫೀನಾಲಿನಂಥ ಕಾವಲುಗಾರರು ಕಾಯುತ್ತ ಕಾಯುತ್ತ ತಾವೇ ಸವೆದುಹೋಗುತ್ತಾರಂತೆ. ಹಳೆಯ ಪ್ಲಾಸ್ಟಿಕ್ಕನ್ನು ಮತ್ತೆ ಕರಗಿಸುವಾಗ ಹೊಸದಾಗಿ ಇವುಗಳನ್ನು ಬೆರೆಸದಿದ್ದರೆ, ಕೊಡದ ಬಣ್ಣವಷ್ಟೇ ಹೊಸದು, ಆಯುಸ್ಸಲ್ಲ. ಒಡೆಯುವ ದಿನದವರೆಗೆ ಅದು ಕಣ್ಣಿಗೆ ಕಾಣುವುದಿಲ್ಲ. ಮನೆಗಳನ್ನು ಕಾಯುವವರ ಸವೆತವೂ ಹಾಗೆಯೇ ಅಲ್ಲವೆ?

ಅಮ್ಮನಿಗೆ ಫೋನಿನಲ್ಲಿ ಎಲ್ಲವನ್ನೂ ವಿಸ್ತಾರವಾಗಿ ಹೇಳಿದೆ. ತಾಳ್ಮೆಯಿಂದ ಕೇಳಿ, “ಕೊಡವನ್ನು ನೆರಳಲ್ಲಿಡಬೇಕು ಅನ್ನು. ಅಷ್ಟು ಹೇಳಲು ಇಷ್ಟು ಹೊತ್ತು ಬೇಕಾಯಿತೇನೋ?” ಎಂದರು.