ಕರಿಹಲಗೆಯ ಮೇಲೊಂದು ಹೆಸರು

1988ರಲ್ಲಿ ಅಮೆರಿಕೆಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ ನಡೆದಿತ್ತು. ಜೀವಕೋಶವು ಒಂದು ಎರಡಾಗಿ, ಎರಡು ನಾಲ್ಕಾಗುವ ಬಗೆಯನ್ನು ವಿವರಿಸುತ್ತಿದ್ದ ಅಧ್ಯಾಪಕರು ಕರಿಹಲಗೆಯ ಮೇಲೆ ಒಬ್ಬ ಸ್ತ್ರೀಯ ಹೆಸರನ್ನು ಬರೆದರು: ಹೆನ್ರಿಯೆಟ್ಟಾ ಲ್ಯಾಕ್ಸ್. 1951ರಲ್ಲಿ ತೀರಿಕೊಂಡ ಈಕೆಯ ಗೆಡ್ಡೆಯಿಂದ ತೆಗೆದ ಕೋಶಗಳು ಇಂದಿಗೂ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಲೇ ಇವೆ ಎಂದರು. ಆಕೆ ಕಪ್ಪು ಜನಾಂಗದವಳೆಂದೂ ಹೇಳಿದರು. ಪಾಠ ಮುಗಿಯಿತು, ಹಲಗೆಯೂ ಸ್ವಚ್ಛವಾಯಿತು. ಆದರೆ ಹದಿನಾರು ವರ್ಷದ ಒಬ್ಬ ವಿದ್ಯಾರ್ಥಿನಿ ಹಿಂದೆ ಉಳಿದು, ಆಕೆ ಎಲ್ಲಿಯವಳು, ಆಕೆಗೆ ಮಕ್ಕಳಿದ್ದರೆ ಎಂದು ಕೇಳಿದಳು. ಗುರುಗಳಲ್ಲಿ ಉತ್ತರವಿರಲಿಲ್ಲ.

ಆ ಉತ್ತರವನ್ನು ಹುಡುಕಿ ರೆಬೆಕ್ಕಾ ಸ್ಕ್ಲೂಟ್ ಬರೆದ ಪುಸ್ತಕ ‘ದಿ ಇಮ್ಮಾರ್ಟಲ್ ಲೈಫ್ ಆಫ್ ಹೆನ್ರಿಯೆಟ್ಟಾ ಲ್ಯಾಕ್ಸ್’ ಹೊರಬಂದುದು 2010ರಲ್ಲಿ. ವರ್ಷಕ್ಕೊಂದು ಪುಸ್ತಕವನ್ನು ಆರಿಸಿ ಎಲ್ಲರೂ ಅದನ್ನೇ ಓದಿ ಚರ್ಚಿಸಬೇಕೆಂಬ ಪದ್ಧತಿ ಅಮೆರಿಕೆಯ ಹಲವು ವಿಶ್ವವಿದ್ಯಾಲಯಗಳಲ್ಲಿ ಉಂಟು. ಮ್ಯಾಡಿಸನ್ ನಗರದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವು ಅದೇ ವರ್ಷ ಈ ಪುಸ್ತಕವನ್ನು ಆರಿಸಿತು. ಬೇರೆ ವಿದ್ಯಾಲಯಗಳೂ ಹಿಂಬಾಲಿಸಿದವು. ವೈದ್ಯಕೀಯ ಓದುವವನೂ ಇತಿಹಾಸ ಓದುವವಳೂ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಪುಟವನ್ನು ತೆರೆಯುವುದೆಂದರೆ ಸಣ್ಣ ಮಾತಲ್ಲ.

ಹೆನ್ರಿಯೆಟ್ಟಾ ಹುಟ್ಟಿದ್ದು 1920ರಲ್ಲಿ. ವರ್ಜೀನಿಯಾದ ಕ್ಲೋವರ್ ಎಂಬ ಊರಿನಲ್ಲಿ, ಹಿಂದೆ ಗುಲಾಮರು ವಾಸಿಸುತ್ತಿದ್ದ ಮನೆಯಲ್ಲಿ, ಅಜ್ಜನ ಆಶ್ರಯದಲ್ಲಿ ಬೆಳೆದು ಹೊಗೆಸೊಪ್ಪಿನ ಹೊಲದಲ್ಲಿ ದುಡಿದವಳು. ಗಂಡನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ದೊರೆತುದರಿಂದ ಸಂಸಾರ ಬಾಲ್ಟಿಮೋರಿನ ಬಳಿಗೆ ಬಂದಿತು. ಐವರು ಮಕ್ಕಳ ಆ ತಾಯಿ 1951ರ ಜನವರಿಯಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದಳು. ಬಡವರಿಗೂ ಕಪ್ಪು ಜನರಿಗೂ ಚಿಕಿತ್ಸೆ ನೀಡುತ್ತಿದ್ದ ಆಸ್ಪತ್ರೆ ಅದು. ಆದರೆ ಕಪ್ಪು ಜನರ ವಾರ್ಡೇ ಬೇರೆ. ಗರ್ಭಕಂಠದ ಕ್ಯಾನ್ಸರ್ ಎಂದು ತಿಳಿದುಬಂದಿತು. ಶಸ್ತ್ರಕ್ರಿಯೆಗೆ ಒಪ್ಪಿಗೆಯ ಕಾಗದಕ್ಕೆ ಆಕೆ ಸಹಿ ಹಾಕಿದಳು. ರೇಡಿಯಂ ಚಿಕಿತ್ಸೆಗೆ ಮುನ್ನ ವೈದ್ಯರು ಗೆಡ್ಡೆಯಿಂದ ಒಂದು ಚೂರನ್ನು ತೆಗೆದು ಜಾರ್ಜ್ ಗೈ ಅವರ ಪ್ರಯೋಗಶಾಲೆಗೆ ಕಳುಹಿಸಿದರು. ಇದನ್ನು ಆಕೆಗೆ ಯಾರೂ ಹೇಳಲಿಲ್ಲ.

ಅದುವರೆಗೆ ಅಲ್ಲಿ ಬೆಳೆಸಲು ಯತ್ನಿಸಿದ ಮಾನವಕೋಶಗಳೆಲ್ಲ ಸಾಯುತ್ತಿದ್ದವು. ಇವು ಮಾತ್ರ ಸುಮಾರು ಇಪ್ಪತ್ತನಾಲ್ಕು ಗಂಟೆಗೊಮ್ಮೆ ಇಮ್ಮಡಿಯಾದವು. ಅದೇ ವರ್ಷದ ಅಕ್ಟೋಬರ್ 4ರಂದು ಹೆನ್ರಿಯೆಟ್ಟಾ ಮೂವತ್ತೊಂದರ ವಯಸ್ಸಿನಲ್ಲಿ ಕಣ್ಣುಮುಚ್ಚಿದಳು. ಗೈ ಅವರ ಸಹಾಯಕಿ ಶವಪರೀಕ್ಷೆಯ ಕೋಣೆಗೆ ಹೋದಾಗ, ಕಾಲ್ಬೆರಳಿನ ಉಗುರುಗಳಲ್ಲಿ ಅರ್ಧ ಕಿತ್ತುಹೋದ ಕೆಂಪು ಬಣ್ಣವನ್ನು ಕಂಡಳು. ತಾನು ಗಾಜಿನ ನಳಿಗೆಗಳಲ್ಲಿ ಪೋಷಿಸುತ್ತಿದ್ದ ಕೋಶಗಳು ಬದುಕಿದ್ದ ಒಬ್ಬ ಹೆಂಗಸಿನವೆಂದು ಅವಳಿಗೆ ಹೊಳೆದದ್ದು ಆಗಲೇ.

ಗೈ ಅವರು ದುರಾಶೆಯ ಮನುಷ್ಯರಲ್ಲ. ಕೇಳಿದವರಿಗೆಲ್ಲ ಕೋಶಗಳನ್ನು ಹಂಚಿದರು. ರೋಗಿಯನ್ನು ಕೇಳದೆ ಅಂಗಾಂಶವನ್ನು ಪಡೆಯುವುದು ಅಂದಿನ ರೂಢಿ, ಬಿಳಿಯರಿಂದಲೂ ಪಡೆಯುತ್ತಿದ್ದರು. ಹಾಗಾದರೆ ಅನ್ಯಾಯ ಎಲ್ಲಿ? ತರಗತಿಯಲ್ಲಿ ವಾದ ಬಿಸಿಯಾಗುವುದು ಈ ಪ್ರಶ್ನೆಯಿಂದಲೇ. ಒಬ್ಬ ಖಳನನ್ನು ತೋರಿಸಿಬಿಟ್ಟರೆ ಗುರುಗಳ ಕೆಲಸ ಹಗುರ. ಈ ಪುಸ್ತಕ ಆ ಅನುಕೂಲವನ್ನು ಮಾಡಿಕೊಡುವುದಿಲ್ಲ.

ಅಲಬಾಮಾದ ಟಸ್ಕೀಗಿಯನ್ನೇ ನೋಡಿ. ಸಾಲ್ಕರ ಪೋಲಿಯೊ ಲಸಿಕೆಯನ್ನು ಪರೀಕ್ಷಿಸಲು ಬೇಕಾದ ಹೀಲಾ ಕೋಶಗಳನ್ನು—ಹೆನ್ರಿಯೆಟ್ಟಾಳ ಹೆಸರಿನ ಮೊದಲಕ್ಷರಗಳಿಂದ ಬಂದ ಹೆಸರದು—ರಾಶಿರಾಶಿಯಾಗಿ ಬೆಳೆಸಿದವರು ಅಲ್ಲಿನ ಕಪ್ಪು ವಿಜ್ಞಾನಿಗಳು. ಅದೇ ಕಾಲದಲ್ಲಿ, ಅದೇ ಊರಿನಲ್ಲಿ, ಸರಕಾರದ ಆರೋಗ್ಯ ಇಲಾಖೆಯು ಸುಮಾರು 400 ಮಂದಿ ಕಪ್ಪು ಜನಾಂಗದ ಸಿಫಿಲಿಸ್ ರೋಗಿಗಳಿಗೆ ಚಿಕಿತ್ಸೆ ಕೊಡದೆ, ರೋಗ ಹೇಗೆ ಮುಂದುವರಿಯುವುದೆಂದು ಸುಮ್ಮನೆ ನೋಡುತ್ತಿತ್ತು. 1932ರಲ್ಲಿ ಆರಂಭವಾದ ಆ ‘ಅಧ್ಯಯನ’ವು ಪೆನಿಸಿಲಿನ್ ಬಂದ ಮೇಲೂ ನಿಲ್ಲಲಿಲ್ಲ, ನಿಂತುದು 1972ರಲ್ಲಿ. ಇದನ್ನು ಓದಿದ ಮೇಲೆ, ಬಾಲ್ಟಿಮೋರಿನ ಕಪ್ಪು ಜನರು ಕತ್ತಲಾದ ಮೇಲೆ ಆಸ್ಪತ್ರೆಯ ಸುತ್ತ ಸುಳಿಯಲು ಹೆದರುತ್ತಿದ್ದರೆಂದರೆ ಅದನ್ನು ಬರಿಯ ಮೂಢನಂಬಿಕೆ ಎನ್ನಲು ವಿದ್ಯಾರ್ಥಿಗೆ ನಾಲಗೆ ಏಳುವುದಿಲ್ಲ.

ಮನೆಯವರಿಗೆ ವಿಷಯ ತಿಳಿದುದು 1973ರಲ್ಲಿ, ಅದೂ ಅರೆಬರೆಯಾಗಿ. ಸಂಶೋಧಕರು ದೂರವಾಣಿಯಲ್ಲಿ ಕರೆದು, ಕುಟುಂಬದವರ ರಕ್ತ ಬೇಕೆಂದರು. ನಾಲ್ಕು ವರ್ಷ ಮಾತ್ರ ಶಾಲೆ ಕಂಡಿದ್ದ ಗಂಡನಿಗೆ ‘ಸೆಲ್’ ಎಂದರೆ ಗೊತ್ತಿದ್ದುದು ಒಂದೇ ಅರ್ಥ: ತನ್ನ ಕಿರಿಯ ಮಗನಿದ್ದ ಸೆರೆಮನೆಯ ಕೋಣೆ. ಸತ್ತು ಇಪ್ಪತ್ತೆರಡು ವರ್ಷವಾದ ಹೆಂಡತಿಯನ್ನು ಇನ್ನೂ ಜೀವಂತವಾಗಿ ಇಟ್ಟುಕೊಂಡಿದ್ದಾರೆಂದು ಆತ ತಿಳಿದನು. ಮಗಳು ಡೆಬೋರಾ, ತಾಯಿಯ ರೋಗ ತನಗೂ ಇದೆಯೇ ಎಂದು ನೋಡುವ ಪರೀಕ್ಷೆ ಇದೆಂದು ನಂಬಿ, ಫಲಿತಾಂಶಕ್ಕಾಗಿ ಕಾದಳು. ಅಂತಹ ಪರೀಕ್ಷೆಯೇ ಅದಾಗಿರಲಿಲ್ಲ. ‘ಒಪ್ಪಿಗೆ’ ಎಂಬ ಮಾತನ್ನು ಕಾಗದದ ಮೇಲಿನ ಸಹಿ ಎಂದಷ್ಟೇ ತಿಳಿದ ಭಾವೀ ವೈದ್ಯನಿಗೆ ಈ ಒಂದು ಪ್ರಸಂಗ ಸಾಕು. ಕೋಶಗಳು ಜಗತ್ತಿನ ಮಾರುಕಟ್ಟೆಯಲ್ಲಿ ಮಾರಾಟವಾಗುತ್ತಿದ್ದಾಗ ಆಕೆಯ ಮಕ್ಕಳಲ್ಲಿ ಕೆಲವರಿಗೆ ಆರೋಗ್ಯವಿಮೆ ಕೊಳ್ಳುವ ಶಕ್ತಿಯೂ ಇರಲಿಲ್ಲ.

ಎಲ್ಲರಿಗೂ ಈ ಓದು ಹಿಡಿಸಿತೆಂದಲ್ಲ. 2015ರಲ್ಲಿ ಟೆನೆಸ್ಸಿಯ ನಾಕ್ಸ್‌ವಿಲ್ಲಿನಲ್ಲಿ ಒಬ್ಬ ತಾಯಿ, ಹೆನ್ರಿಯೆಟ್ಟಾ ತನ್ನ ಗೆಡ್ಡೆಯನ್ನು ತಾನೇ ಮುಟ್ಟಿ ಕಂಡುಕೊಂಡ ಭಾಗ ಅಶ್ಲೀಲವೆಂದು ಆಕ್ಷೇಪಿಸಿದರು. ಅವರ ಮಗನಿಗೆ ಬೇರೆ ಪುಸ್ತಕ ಕೊಟ್ಟರು. ರೋಗ ಬಂದ ಅಂಗದ ಹೆಸರು ಹೇಳಲು ನಾಚುವ ಮನೆಗಳು ಎಲ್ಲ ದೇಶಗಳಲ್ಲಿಯೂ ಇವೆ.

2013ರಲ್ಲಿ ಅಮೆರಿಕೆಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು, ಹೀಲಾ ಕೋಶಗಳ ಜೀನೋಮ್ ಮಾಹಿತಿಯನ್ನು ಕೋರುವ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಯಲ್ಲಿ ಕುಟುಂಬದವರಿಗೂ ಸ್ಥಾನ ಕೊಟ್ಟಿತು. 2023ರಲ್ಲಿ ಥರ್ಮೋ ಫಿಷರ್ ಕಂಪೆನಿಯೊಡನೆ ವಾರಸುದಾರರ ಮೊಕದ್ದಮೆ ರಾಜಿಯಾಯಿತು.

ಡೆಬೋರಾ ಇದಾವುದನ್ನೂ ಕಾಣಲಿಲ್ಲ. 2001ರಲ್ಲಿ ಹಾಪ್ಕಿನ್ಸಿನ ಒಬ್ಬ ವಿಜ್ಞಾನಿ ಅವಳನ್ನೂ ಅವಳ ತಮ್ಮನನ್ನೂ ಪ್ರಯೋಗಶಾಲೆಗೆ ಕರೆದು, ತಾಯಿಯ ಕೋಶಗಳನ್ನು ಮೊದಲ ಬಾರಿಗೆ ತೋರಿಸಿದರು. ಶೀತಪೆಟ್ಟಿಗೆಯಿಂದ ತೆಗೆದ ಪುಟ್ಟ ನಳಿಗೆಯನ್ನು ಡೆಬೋರಾಳ ಕೈಗೆ ಕೊಟ್ಟಾಗ, ಅವಳು ಅದನ್ನು ಅಂಗೈಗಳ ನಡುವೆ ಉಜ್ಜಿ, ಚಳಿಯಾಗುತ್ತಿರುವ ಮಗುವನ್ನು ಬೆಚ್ಚಗೆ ಮಾಡುವಂತೆ ಬಾಯಿಯ ಬಿಸಿಯುಸಿರನ್ನು ಊದಿದಳು. ಅವಳು ತೀರಿಕೊಂಡದ್ದು 2009ರಲ್ಲಿ, ಪುಸ್ತಕ ಅಚ್ಚಾಗಿ ಬರುವುದಕ್ಕೆ ಕೆಲವೇ ತಿಂಗಳು ಮೊದಲು.