ಮೂರನೇ ಮ್ಯಾಗ್ನೆಟ್

ಮೆಹದಿಪಟ್ಟಣಂ,
ಹೈದರಾಬಾದ್

ಚಿ. ಸೌ. ಮುನ್ನಿಗೆ,

ನೀನು ಕಳಿಸಿದ ಫೋಟೊಗಳನ್ನು ಫೋನಿನಲ್ಲಿ ಎಷ್ಟು ಹಿಗ್ಗಿಸಿದರೂ ಕಣ್ಣಿಗೆ ನಿಲುಕಲಿಲ್ಲ. ರೈತು ಬಜಾರಿಗೆ ಹೋದಾಗ ಅಲ್ಲೇ ಒಂದು ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆಸಿಕೊಂಡು ಬಂದೆ. ಮೆಂತ್ಯ ತರಲು ಹೋದವನು ಪಿನ್‌ಬಾಲ್ ಯಂತ್ರದ ಪಟ ಹಿಡಿದು ಬಂದೆನೆಂದು ನಿನ್ನ ಕಾಕು ಇನ್ನೂ ಆಡಿಕೊಳ್ಳುತ್ತಿದ್ದಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು 'ಹೂಂ ಕಾಕಾ, ಹೂಂ ಕಾಕಾ' ಅನ್ನುತ್ತಲೇ ಇರುತ್ತಿ, ಆಮೇಲೆ ನಿನ್ನ ಮನಸ್ಸಿಗೆ ಬಂದದ್ದನ್ನೇ ಮಾಡುತ್ತಿ. ದುಡ್ಡಿನ ವಿಷಯ, ಕಾಗದದ ಮೇಲಿರಲಿ.

ನೇರವಾಗಿ ಹೇಳಿಬಿಡುತ್ತೇನೆ. ಆ ಮನುಷ್ಯ ಮಾರಲು ಇಟ್ಟಿರುವ 'ಟ್ವಿಲೈಟ್ ಝೋನ್' ಯಂತ್ರ ಪ್ರೊಟೊಟೈಪ್ ಇರಬಹುದು, ಇಲ್ಲದಿರಬಹುದು. ಆದರೆ ಅವನು ಕೊಡುತ್ತಿರುವ ಒಂದೇ ಒಂದು ಸಾಕ್ಷಿ ಆ ಮೂರನೇ ಮ್ಯಾಗ್ನೆಟ್. ಅದು ಸಾಕ್ಷಿಯೇ ಅಲ್ಲ.

ಯಾಕೆಂದು ಕೇಳು. ಪ್ಯಾಟ್ ಲಾಲರ್ ವಿನ್ಯಾಸ ಮಾಡಿದ ಈ ಯಂತ್ರ 1993ರಲ್ಲಿ ಬ್ಯಾಲಿ ಹೆಸರಿನಲ್ಲಿ ಬಂತು, ಒಟ್ಟು 15,235 ತಯಾರಾದವು. ತೀರಾ ಮೊದಲಿನ ಕೆಲವು ಯಂತ್ರಗಳಲ್ಲಿ 'ಸ್ಪೈರಲ್' ಎಂಬ ಹಾದಿಯ ಅಡಿಯಲ್ಲಿ ಮೂರು ಮ್ಯಾಗ್ನೆಟ್‌ಗಳಿದ್ದವು. ಕಾರ್ಖಾನೆಯ ಸಾಲಿಗೆ ಹೋಗುವಾಗ ಒಂದನ್ನು ಬಿಟ್ಟರು, ಎರಡೇ ಉಳಿದವು. ಬಿಟ್ಟದ್ದು ಚೆಂಡು ಓಡುವ ಹಲಗೆಯಿಂದ ಮಾತ್ರ. ಒಳಗಿನ ಸಾಫ್ಟ್‌ವೇರಿನಲ್ಲಿ ಮೂರನೆಯದರ ಸೆಟ್ಟಿಂಗ್ ಹಾಗೇ ಇತ್ತು. ಅದು ಗೊತ್ತಾದ ಮೇಲೆ ಉತ್ಸಾಹಿಗಳು ಸುಮ್ಮನಿರುತ್ತಾರೆಯೇ? ಎಷ್ಟೋ ಜನ ತಮ್ಮ ಸಾಧಾರಣ ಯಂತ್ರಕ್ಕೇ ಮೂರನೆಯದನ್ನು ಕೂಡಿಸಿಕೊಂಡರು. ಅದಕ್ಕೆ ಬೇಕಾದ ಸಾಮಾನು ಕಿಟ್ ಕಟ್ಟಿಯೇ ಮಾರಾಟವಾಗಿದೆ. ಹೀಗಿರುವಾಗ ಮ್ಯಾಗ್ನೆಟ್ ಇದೆ ಅನ್ನುವುದರಿಂದ ಸಿದ್ಧವಾಗುವುದು ಇಷ್ಟೇ: ಯಾರೋ ಯಾವಾಗಲೋ ಅಲ್ಲಿ ಒಂದು ಮ್ಯಾಗ್ನೆಟ್ ಕೂಡಿಸಿದ್ದಾರೆ.

ನೋಡಬೇಕಾದದ್ದು ಅದಕ್ಕೆ ಹೋಗುವ ತಂತಿಯನ್ನು. ಇಲ್ಲಿ ನನ್ನ ಹಳೆಯ ನೌಕರಿ ಉಪಯೋಗಕ್ಕೆ ಬರುತ್ತದೆ. ಸ್ಟ್ರೌಜರ್ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರ್ಯಾಕಿನ ತಂತಿಗಳನ್ನೆಲ್ಲ ಒಟ್ಟುಮಾಡಿ ಮೇಣದ ದಾರದಿಂದ ಗಂಟು ಹಾಕಿ ಬಿಗಿಯುತ್ತಿದ್ದೆವು. ಕೇಬಲ್ ಫಾರ್ಮ್ ಎಂದು ಅದಕ್ಕೆ ಹೆಸರು. ಬೆಂಗಳೂರಿನ ಐಟಿಐ ಕಾರ್ಖಾನೆಯಿಂದ ರ್ಯಾಕ್ ಬರುವಾಗಲೇ ಹೀಗೆ ಕಟ್ಟಿಕೊಂಡು ಬರುತ್ತಿತ್ತು. ಆಮೇಲೆ ಯಾರಾದರೂ ಒಂದು ರಿಲೇ ಕೂಡಿಸಿದರೆ ಅದರ ತಂತಿ ಕಟ್ಟಿನ ಹೊರಗೆ ಓಡುತ್ತಿತ್ತು. ಎಷ್ಟು ನಾಜೂಕಾಗಿ ಕೂಡಿಸಿದ್ದರೂ ಇನ್ಸ್‌ಪೆಕ್ಷನ್ನಿಗೆ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಪಿನ್‌ಬಾಲ್ ಕಾರ್ಖಾನೆಯಲ್ಲೂ ಇದೇ ಪದ್ಧತಿ. ಮೊಳೆ ಹೊಡೆದ ಹಲಗೆಯ ಮೇಲೆ ತಂತಿಗಳನ್ನು ಹಾಯಿಸಿ, ಇಡೀ ಕಟ್ಟನ್ನು ಮೊದಲೇ ಸಿದ್ಧಮಾಡಿ ಯಂತ್ರಕ್ಕೆ ಕೂಡಿಸುತ್ತಾರೆ. ಮೂರನೇ ಮ್ಯಾಗ್ನೆಟಿನ ತಂತಿ ಆ ಕಟ್ಟಿನೊಳಗಿನಿಂದಲೇ ಕವಲೊಡೆದು ಬಂದಿದೆಯೋ, ಪಕ್ಕದಲ್ಲಿ ಒಂಟಿಯಾಗಿ ಬಂದಿದೆಯೋ? ಅವನ ಫೋಟೊಗಳಲ್ಲಿ ಹಲಗೆಯ ಕೆಳಭಾಗವೇ ಇಲ್ಲ. ಗಾಜಿನ ಚಿತ್ರ, ಬಣ್ಣದ ದೀಪ, ಗೊಂಬೆಗಳು ಮಾತ್ರ. ಮದುವೆ ಫೋಟೊ ಇದ್ದ ಹಾಗಿದೆ.

ಆ ಮ್ಯಾಗ್ನೆಟ್ ಕೂತಿರುವ ತೂತನ್ನೂ ನೋಡು. ಮನೆಯಲ್ಲಿ ಕೊರೆದವನು ಬಣ್ಣ ಬಳಿದ ಹಲಗೆಯನ್ನೇ ಕೊರೆದಿರುತ್ತಾನೆ. ಅಂಚಿನಲ್ಲಿ ಬಣ್ಣ ಎದ್ದಿರುತ್ತದೆ, ಇಲ್ಲವೆ ಒಳಗಿನ ಮರ ಹಸಿಯಾಗಿ ಬಿಳುಪಾಗಿ ಕಾಣುತ್ತದೆ.

ಮಾರುವವನು 'ಪ್ರೊಟೊಟೈಪ್' ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟ. ಆ ಮಾತಿನ ಕೆಳಗೆ ಬೇರೆಬೇರೆ ಮೂರು ವಸ್ತುಗಳು ಅಡಗಿವೆ. ಬಣ್ಣ ಕಾಣದ ಬೋಳು ಹಲಗೆಯ ಮೇಲೆ ಕೈಯಿಂದ ಕೂಡಿಸಿ, ಚೆಂಡು ಹೇಗೆ ಓಡುತ್ತದೆಂದು ನೋಡುವುದಕ್ಕೆ ಕಟ್ಟಿದ್ದು ವೈಟ್‌ವುಡ್. ಆಮೇಲೆ ಚಿತ್ರ, ಧ್ವನಿ ಎಲ್ಲ ಸೇರಿಸಿ ಎಂಜಿನಿಯರುಗಳು ತಮಗಾಗಿ ಮಾಡಿಕೊಳ್ಳುವ ಬೆರಳೆಣಿಕೆಯ ಯಂತ್ರಗಳು ನಿಜವಾದ ಪ್ರೊಟೊಟೈಪುಗಳು. ಅದಾದ ಮೇಲೆ ವ್ಯಾಪಾರಿಗಳಿಗೆ ತೋರಿಸಲು, ಯಾವುದಾದರೂ ಆಟದಂಗಡಿಯಲ್ಲಿಟ್ಟು ಜನ ನಾಣ್ಯ ಹಾಕುತ್ತಾರೋ ಇಲ್ಲವೋ ನೋಡಲು ಹೊರಡುವಂಥವು ಸ್ಯಾಂಪಲ್. ಮಾರುವವರು ಸ್ಯಾಂಪಲ್ಲಿಗೂ ಪ್ರೊಟೊಟೈಪ್ ಎಂದೇ ಬೆಲೆ ಕಟ್ಟುತ್ತಾರೆ. ನನ್ನ ಲೆಕ್ಕದಲ್ಲಿ ಅದು ಅರ್ಧ ಸುಳ್ಳು.

ನಮ್ಮೂರಲ್ಲೇ ಒಂದು ಉದಾಹರಣೆ ಇದೆ. ಮತಯಂತ್ರದ ಪ್ರೊಟೊಟೈಪನ್ನು ಇಲ್ಲಿನ ಇಸಿಐಎಲ್ ಕಂಪನಿ ಮಾಡಿದ್ದು 1979ರಲ್ಲಿ. ಚುನಾವಣಾ ಆಯೋಗ ಅದನ್ನು ರಾಜಕೀಯ ಪಕ್ಷಗಳಿಗೆ ತೋರಿಸಿದ್ದು 1980ರ ಆಗಸ್ಟ್ 6ರಂದು. 1982ರ ಮೇ ತಿಂಗಳಲ್ಲಿ ಕೇರಳದ ಪರೂರಿನ 50 ಮತಗಟ್ಟೆಗಳಲ್ಲಿ ಜನ ಮತಯಂತ್ರದ ಗುಂಡಿ ಒತ್ತಿದರು. ಪರೂರಿನ ಯಂತ್ರವೊಂದನ್ನು ತಂದು '1979ರ ಪ್ರೊಟೊಟೈಪ್' ಎಂದರೆ ನೀನು ಒಪ್ಪುತ್ತೀಯಾ? ಪಿನ್‌ಬಾಲಿಗೂ ಅದೇ ನ್ಯಾಯ.

ಈಗ ತಾರೀಖಿನ ವಿಷಯ. ನನಗೆ ಎಲ್ಲಕ್ಕಿಂತ ನಂಬಿಕೆ ಇದರ ಮೇಲೆ. ಐಸಿ ಚಿಪ್ಪುಗಳ ಬೆನ್ನ ಮೇಲೆ ನಾಲ್ಕು ಅಂಕಿ ಇರುತ್ತದೆ. 9248 ಎಂದಿದ್ದರೆ 1992ನೇ ಇಸವಿಯ 48ನೇ ವಾರ. ಟ್ರಾನ್ಸ್‌ಫಾರ್ಮರ್, ಸ್ಪೀಕರುಗಳ ಮೇಲೆ ತಯಾರಕರ ಸಂಖ್ಯೆಯ ನಂತರ ಇಸವಿ, ವಾರ ಎರಡೂ ಕೂತಿರುತ್ತವೆ. ಹಲಗೆಯ ಕೆಳಗೆ, ಪೆಟ್ಟಿಗೆಯ ಒಳಗೋಡೆಯ ಮೇಲೆ ಶಾಯಿಯ ಮುದ್ರೆ ಇರುವುದುಂಟು. ಯಾವುದೋ ಒಂದು ತಾರೀಖು ಹಳೆಯದಾಗಿದ್ದರೆ ಏನೂ ಆಗಲಿಲ್ಲ, ಬೋರ್ಡು ಕಳಚಿ ಹಾಕುವ ವಸ್ತು. ಪೆಟ್ಟಿಗೆ, ಮೇಲಿನ ತಲೆಭಾಗ, ಹಲಗೆ, ಬೋರ್ಡು ಎಲ್ಲವೂ ಒಂದಕ್ಕೊಂದು ಹತ್ತಿರದ ತಾರೀಖು ಹೇಳಬೇಕು, ಎಲ್ಲವೂ ಉತ್ಪಾದನೆ ಶುರುವಾದದ್ದಕ್ಕಿಂತ ಹಿಂದಿನದಾಗಿರಬೇಕು. ತಲೆಭಾಗದ ನಂಬರು, ಪೆಟ್ಟಿಗೆಯ ನಂಬರು ಒಂದೇ ಇದೆಯೇ ನೋಡು. ಯಂತ್ರಗಳನ್ನು ಬಾಡಿಗೆಗಿಟ್ಟು ಓಡಿಸುವವರು ಒಂದರ ತಲೆ ಕೆಟ್ಟರೆ ಇನ್ನೊಂದರ ತಲೆ ಕಿತ್ತು ಕೂಡಿಸಿ ಅದೇ ಸಂಜೆ ಮತ್ತೆ ನಾಣ್ಯ ಎಣಿಸುತ್ತಿದ್ದವರು. ಅವರಿಗೆ ಇತಿಹಾಸ ಕಟ್ಟಿಕೊಂಡು ಏನಾಗಬೇಕಿತ್ತು?

ಚಿಪ್ಪಿನ ಮೇಲಿನ ಚೀಟಿಯನ್ನು ಅವನು ದೊಡ್ಡದಾಗಿ ತೋರಿಸಿದ್ದಾನೆ. ವಿಲಿಯಮ್ಸ್ ಕಂಪನಿಯವರು (ಆ ಹೊತ್ತಿಗೆ ಬ್ಯಾಲಿ ಅವರ ಕೈಯಲ್ಲಿತ್ತು) ಪ್ರೊಟೊಟೈಪ್ ಸಾಫ್ಟ್‌ವೇರಿಗೆ 'ಪಿ' ಅಕ್ಷರ, ಉತ್ಪಾದನೆಯದಕ್ಕೆ 'ಎಲ್' ಅಕ್ಷರ ಹಾಕುತ್ತಿದ್ದುದು ನಿಜ. ಆದರೆ ಇಪ್ರಾಮ್ ಎಂಬುದು ಅಳಿಸಿ ಮತ್ತೆ ಬರೆಯಬಹುದಾದ ಚಿಪ್ಪು. ಚೀಟಿಯಂತೂ ಪ್ರಿಂಟರಿದ್ದವರೆಲ್ಲ ಅಂಟಿಸಬಹುದು. ಅದಕ್ಕೆ ಒಂದು ಡಾಲರೂ ಹೆಚ್ಚಿಗೆ ಕೊಡಬೇಡ.

ನಿಮ್ಮ ಬೇಸ್‌ಮೆಂಟಿನ ಹಳೆಯ ಗಾಟ್ಲೀಬ್ ಯಂತ್ರದ ಮುಚ್ಚಳ ತೆಗೆದಾಗ ನಾನು ನಕ್ಕದ್ದು ನಿನಗೆ ನೆನಪಿರಬಹುದು. ಒಳಗಿದ್ದದ್ದೆಲ್ಲ ನನ್ನ ಡ್ಯೂಟಿಯ ಸಾಮಾನು: ರಿಲೇ, ಹೆಜ್ಜೆ ಹೆಜ್ಜೆಗೆ ತಿರುಗುವ ಸ್ಟೆಪ್ಪರ್, ಉಜ್ಜಿ ಶುಚಿ ಮಾಡಬೇಕಾದ ಪಾಯಿಂಟುಗಳು. ನಮ್ಮದು 50 ವೋಲ್ಟ್ ಡಿಸಿ, ಅದರಲ್ಲಿ ಎಸಿ, ಹಾಗಾಗಿ ಗುಂಯ್‌ಗುಡುತ್ತದೆ. ಅಷ್ಟೇ ವ್ಯತ್ಯಾಸ. ಸ್ಟ್ರೌಜರನ ಮೊದಲ ಎಕ್ಸ್‌ಚೇಂಜ್ ಕೂತದ್ದು 1892ರಲ್ಲಿ ಇಂಡಿಯಾನಾದ ಲಾ ಪೋರ್ಟಿನಲ್ಲಿ, ನಿಮ್ಮೂರಿಗೆ ಅದು ದೂರವೇನಲ್ಲ. ಆ ಸಾಮಾನು ಮಾಡುತ್ತಿದ್ದ ಆಟೊಮ್ಯಾಟಿಕ್ ಎಲೆಕ್ಟ್ರಿಕ್ ಕಂಪನಿ ಷಿಕಾಗೋದ್ದು. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಮೂವರೂ ಅದೇ ಷಿಕಾಗೋದವರು.

ಈ ರಿಲೇಗಳ ಕಾಲ ಮುಗಿಯುವ ಹೊತ್ತಿನ ಒಂದು ಪ್ರೊಟೊಟೈಪ್ ಇದೆಯಲ್ಲ, ನನಗೆ ಅದರ ಮೇಲೆ ಎಲ್ಲಕ್ಕಿಂತ ಪ್ರೀತಿ. 1974ರಲ್ಲಿ ಡೇವ್ ನಟ್ಟಿಂಗ್ ಮತ್ತು ಜೆಫ್ ಫ್ರೆಡೆರಿಕ್ಸನ್ ಎಂಬವರು ಬ್ಯಾಲಿಯ 'ಫ್ಲಿಕರ್' ಎಂಬ ಆಟದ ಎರಡು ಯಂತ್ರಗಳನ್ನು ತೆಗೆದುಕೊಂಡು, ಒಳಗಿನ ರಿಲೇ ಸ್ಟೆಪ್ಪರುಗಳನ್ನೆಲ್ಲ ಕಿತ್ತುಹಾಕಿ, ಇಂಟೆಲ್ 4004 ಎಂಬ ಮೈಕ್ರೊಪ್ರೊಸೆಸರ್ ಕೂರಿಸಿದರು. ಪಿನ್‌ಬಾಲಿಗೆ ಕಂಪ್ಯೂಟರ್ ಕಾಲಿಟ್ಟದ್ದು ಹೀಗೆ. ಅಂಥದ್ದನ್ನು ಗುರುತಿಸಲು ಚಿತ್ರದ ಗಾಜು ನೋಡಿದರೆ ಸಾಲದು. ಒಳಗೆ ಏನು ಇಲ್ಲ ಅನ್ನುವುದನ್ನು ನೋಡಬೇಕು. ರಿಲೇಯ ಪಟ್ಟಿ ಕೂರಿಸಿದ್ದ ಸ್ಕ್ರೂ ತೂತುಗಳು ಉಳಿದಿರಬಹುದು, ಅವುಗಳ ಮೇಲೆ ಏನೂ ಇರುವುದಿಲ್ಲ.

ನಿನ್ನ ಯಂತ್ರದಲ್ಲೂ ಇಂಥ ಕೆಲಸಕ್ಕೆ ಬಾರದ ತೂತುಗಳನ್ನು ಹುಡುಕು. ವಿನ್ಯಾಸಕಾರ ಒಂದು ಗೂಟವನ್ನು ಇಲ್ಲಿಟ್ಟು, ಸರಿಯಾಗದೆ ಕಾಲಿಂಚು ಸರಿಸಿ, ಹಳೆಯ ತೂತನ್ನು ಮರದ ಬೆಣೆಯಿಂದ ಮುಚ್ಚಿರುತ್ತಾನೆ. ನಕಲು ಮಾಡುವವನು ಬೆಲೆ ಬರುವ ವಸ್ತುವನ್ನು ಕೂಡಿಸುತ್ತಾನೆ, ನಾಲ್ಕು ವ್ಯರ್ಥ ತೂತು ಕೊರೆದು ಮುಚ್ಚುವ ಶ್ರಮ ತೆಗೆದುಕೊಳ್ಳುವುದು ಅಪರೂಪ. ಇಲ್ಲಿ ಹಳೆಯ ಸಾಮಾನಿನ ಸಂತೆಯಲ್ಲಿ ಮಾರುವ 'ನಿಜಾಮರ ಕಾಲದ' ಗ್ರಾಮಫೋನುಗಳೂ ಹಾಗೇ. ಹಿತ್ತಾಳೆಯ ಕಹಳೆ ಫಳಫಳ, ಅಡಿ ತಿರುಗಿಸಿದರೆ ನಿನ್ನೆಯ ಪ್ಲೈವುಡ್.

ಚಿತ್ರ ಬೇರೆ ಇದ್ದ ಮಾತ್ರಕ್ಕೂ ಮೋಸಹೋಗಬೇಡ. 1976ರ 'ಕ್ಯಾಪ್ಟನ್ ಫೆಂಟಾಸ್ಟಿಕ್' ಯಂತ್ರದ ಗಾಜಿನ ಮೇಲೆ ಡೇವ್ ಕ್ರಿಸ್ಟೆನ್‌ಸನ್ ಎಂಬ ಕಲಾವಿದ ಏನೇನೋ ತುಂಟತನ ಸೇರಿಸಿಬಿಟ್ಟಿದ್ದ. ಏನೆಂದು ಕಾಕಾ ಮಗಳಿಗೆ ಬರೆಯುವಂಥದ್ದಲ್ಲ. ಆಮೇಲಿನ ಗಾಜುಗಳಲ್ಲಿ ಅದರ ಮೇಲೆ ನಕ್ಷತ್ರ ಬಳಿದು ಮುಚ್ಚಿದರು. ನಕ್ಷತ್ರವಿಲ್ಲದ್ದು ಸಿಕ್ಕರೆ ಅದು ಮೊದಲಿನ ಗಾಜು, ಪ್ರೊಟೊಟೈಪ್ ಯಂತ್ರವಲ್ಲ. ಗಾಜು ಬದಲಿಸಲು ಅರ್ಧ ತಾಸೂ ಬೇಡ.

ಅಪರೂಪ ಅನ್ನುವ ಮಾತನ್ನೂ ಅಳೆದು ನೋಡು. ಕ್ಯಾಪ್‌ಕಾಮ್ ಕಂಪನಿ 1996ರಲ್ಲಿ 'ಬಿಗ್ ಬ್ಯಾಂಗ್ ಬಾರ್' ಎಂಬುದರ 14 ಪ್ರೊಟೊಟೈಪ್ ಮಾಡಿ ಪಿನ್‌ಬಾಲ್ ವಿಭಾಗವನ್ನೇ ಮುಚ್ಚಿತು. ಹತ್ತು ವರ್ಷದ ಮೇಲೆ ಇಲಿನಾಯ್‌ನ ಒಬ್ಬ ಉತ್ಸಾಹಿ ಅದನ್ನೇ ಇನ್ನೂರರ ಹತ್ತಿರ ಹೊಸದಾಗಿ ಮಾಡಿಸಿದ. ಈಗ ಅದರಲ್ಲಿ ಹಳೆಯದು ಯಾವುದೆಂದು ಹೇಳಬೇಕಾದರೂ ಮತ್ತೆ ಅದೇ ಚಿಪ್ಪಿನ ತಾರೀಖಿಗೇ ಬರಬೇಕು.

ಕಂಪನಿಯ ಹಳೆಯ ಜಾಹೀರಾತು ಹಾಳೆ ಸಿಕ್ಕರೆ ಬಿಡಬೇಡ. ಯಂತ್ರ ಮಾರುಕಟ್ಟೆಗೆ ಬರುವ ಮೊದಲೇ ಹಾಳೆ ಅಚ್ಚಾಗಬೇಕು, ಹಾಗಾಗಿ ಅದರಲ್ಲಿರುವ ಫೋಟೊ ಬಹಳ ಸಲ ಪ್ರೊಟೊಟೈಪಿನದೇ ಆಗಿರುತ್ತದೆ. ಅದನ್ನೂ ಈ ಯಂತ್ರವನ್ನೂ ಪಕ್ಕದಲ್ಲಿಟ್ಟು, ಪ್ಲಾಸ್ಟಿಕ್ಕಿನ ಆಕಾರ, ರಬ್ಬರಿನ ಗೂಟ, ದೀಪದ ಜಾಗ ಒಂದೊಂದನ್ನೂ ತಾಳೆ ನೋಡು.

ನನ್ನ ಸಲಹೆ ಇಷ್ಟು. ಸಾಧಾರಣ 'ಟ್ವಿಲೈಟ್ ಝೋನ್' ಎಂದುಕೊಂಡರೂ ಆಡಲು ಬೇಕೆನಿಸಿದರೆ, ಸಾಧಾರಣದ ಬೆಲೆಗೇ ತೆಗೆದುಕೋ. ಅದು ಒಳ್ಳೆಯ ಆಟ, ಅದರಲ್ಲಿ ಎರಡು ಮಾತಿಲ್ಲ. ಪ್ರೊಟೊಟೈಪ್ ಎಂಬ ಹೆಸರಿಗೆ ಅವನು ಕೇಳುತ್ತಿರುವ ಹೆಚ್ಚಿನ ದುಡ್ಡು ಮಾತ್ರ ಈಗಿರುವ ಸಾಕ್ಷಿಗೆ ಸಲ್ಲುವುದಿಲ್ಲ. ಹಲಗೆ ಎತ್ತಿಸಿ ಕೆಳಭಾಗದ ಪೂರ್ತಿ ಫೋಟೊ, ಆ ಮ್ಯಾಗ್ನೆಟಿನ ತೂತು ಮತ್ತು ತಂತಿಯ ಹತ್ತಿರದ ಫೋಟೊ, ಎರಡೂ ನಂಬರುಗಳು, ಬೋರ್ಡುಗಳ ಮೇಲಿನ ಅಂಕಿಗಳು, ಇಷ್ಟನ್ನು ಕೇಳಿ ತರಿಸಿ ನನಗೆ ಕಳಿಸು. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡು. ಅಣ್ಣನಿಗೂ ವೈನಿಗೂ ನಮಸ್ಕಾರ ಹೇಳು. ಫೋಟೊ ಬಂದು ನಾನು ನೋಡುವ ತನಕ ಒಂದು ರೂಪಾಯಿ ಅಡ್ವಾನ್ಸೂ ಕೊಡಬೇಡ.

ಇಂತಿ,
ನಿನ್ನ ಕಾಕಾ