ಸಂತೆಗೊಂದು ಸೂರು

ಇಂಗ್ಲೆಂಡಿನ ಲೆಸ್ಟರ್‌ಷೈರ್ ಪ್ರಾಂತ್ಯದಲ್ಲಿ ಮಾರ್ಕೆಟ್ ಹಾರ್ಬರೋ ಎಂಬ ಊರೊಂದಿದೆ. ಹೆಸರಿನಲ್ಲಿಯೇ ಸಂತೆಯನ್ನು ಹೊತ್ತುಕೊಂಡ ಊರು. ಅಲ್ಲಿನ ಸಂತ ಡಯೊನೀಷಿಯಸನ ದೇವಾಲಯದ ಮಗ್ಗುಲಲ್ಲಿ ಮರದ ಕಂಬಗಳ ಮೇಲೆ ನಿಂತಿರುವ ಚಿಕ್ಕದೊಂದು ಮನೆಯುಂಟು. 1614ರಲ್ಲಿ ಕಟ್ಟಿದ್ದು. ಕೆಳಗೆ ಗೋಡೆಗಳಿಲ್ಲ, ಕಂಬಗಳು ಮಾತ್ರ. ಮೇಲೆ ಒಂದು ಕೋಣೆ. ಕೆಳಗಡೆ ಬೆಣ್ಣೆ ಮಾರಲು ಹಳ್ಳಿಗಳಿಂದ ಬಂದವರು ಕೂಡುತ್ತಿದ್ದರು, ಮೇಲ್ಗಡೆ ಊರಿನ ಹುಡುಗರು ಪಾಠ ಕಲಿಯುತ್ತಿದ್ದರು. ಅದೇ ಊರಿನಿಂದ ಬಡ ಹುಡುಗನಾಗಿ ಲಂಡನ್ನಿಗೆ ಹೋಗಿ ಅಲ್ಲಿ ಸ್ಥಿತಿವಂತನಾದ ರಾಬರ್ಟ್ ಸ್ಮಿತ್ ಎಂಬಾತನು ಹುಟ್ಟೂರಿಗೆ ಕೊಟ್ಟ ಕಾಣಿಕೆ ಇದು. ಅವನ ಉದ್ದೇಶಗಳು ಎರಡು: ಮಕ್ಕಳಿಗೆ ಓದು ಸಿಗಬೇಕು, ಕೆಟ್ಟ ಹವೆಯ ದಿನಗಳಲ್ಲಿ ಸಂತೆಗೆ ಬಂದ ಜನ ನೆನೆಯಬಾರದು. ಕಟ್ಟಡದ ಸುತ್ತಲೂ ಸತ್ಯವೇದದ ವಾಕ್ಯಗಳನ್ನು ಬರೆಸಿದರು. 1892ರವರೆಗೆ ಆ ಒಂದೇ ಕೋಣೆಯಲ್ಲಿ ಶಾಲೆ ನಡೆಯಿತು. ಮನೆ ಇಂದಿಗೂ ನಿಂತಿದೆ.

ಶಾಲೆಗಳನ್ನು ಕಟ್ಟಿಸಿದ ದಾನಿಗಳು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಶಾಲೆಯನ್ನು ಸಂತೆಯ ತಲೆಯ ಮೇಲೆ ಕಟ್ಟಿ, ಶಾಲೆಯ ನೆಲವನ್ನೇ ಸಂತೆಯ ಸೂರಾಗಿ ಮಾಡಿದ ಆ ಬುದ್ಧಿಯನ್ನು ನಾನು ಬಹಳವಾಗಿ ಮೆಚ್ಚುತ್ತೇನೆ.

ಆ ದೇಶದ ಹಳೆಯ ಸಂತೆಮನೆಗಳು ಹೆಚ್ಚುಕಡಿಮೆ ಇದೇ ರೂಪದವು. ಹೆರೆಫರ್ಡ್‌ಷೈರಿನ ಲೆಡ್‌ಬರಿಯಲ್ಲಿ 1617ರಲ್ಲಿ ಆರಂಭವಾದ ಸಂತೆಮನೆಯು 16 ಮರದ ಕಂಬಗಳ ಮೇಲೆ ನಿಂತಿದೆ. ಮೇಲಿನ ಅಂತಸ್ತಿನಲ್ಲಿ ಕಾಳುಕಡಿ ತುಂಬಿಡುತ್ತಿದ್ದರು. ಅದೇ ಪ್ರಾಂತ್ಯದ ರಾಸ್ ಎಂಬ ಊರಿನದು 1650ರ ದಶಕದ್ದು, ಕೆಂಪು ಮರಳುಗಲ್ಲಿನದು, ಕೆಳಗೆ ಕಮಾನುಗಳ ಸಾಲು. ಈ ರೂಪಕ್ಕೆ ಕಾರಣಗಳು ಬಹಳ ಸರಳವಾದವು. ಕೆಳಗೆ ಗೋಡೆಯಿಲ್ಲದಿದ್ದರೆ ನಾಲ್ಕೂ ದಿಕ್ಕಿನಿಂದ ಜನರು ಒಳಬರಬಹುದು, ಗಾಳಿ ಆಡುತ್ತದೆ, ತೂಕ ಮಾಡುವವನ ಕೈ ಎಲ್ಲರಿಗೂ ಕಾಣುತ್ತದೆ. ಮೇಲಿನ ಕೋಣೆಯು ನೆಲದ ತೇವದಿಂದಲೂ ಇಲಿಗಳಿಂದಲೂ ದೂರ. ಆದ್ದರಿಂದ ಅಲ್ಲಿ ಧಾನ್ಯವನ್ನಿಡಬಹುದು, ಊರಿನ ಹಿರಿಯರು ಕೂಡಬಹುದು, ನ್ಯಾಯ ತೀರಿಸಬಹುದು.

ನ್ಯಾಯದ ಮಾತು ಬಂದುದರಿಂದ ಒಂದು ವಿಷಯವನ್ನು ಹೇಳಲೇಬೇಕು. ಆ ದೇಶದ ಸಂತೆಗಳಲ್ಲಿ ಸಂತೆಗಾಗಿಯೇ ಒಂದು ನ್ಯಾಯಾಲಯವಿತ್ತು. ಅದರ ಹೆಸರು ‘ಧೂಳುಗಾಲು’ ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ದೂರದಿಂದ ನಡೆದು ಬಂದ ವ್ಯಾಪಾರಿಯ ಕಾಲಿನ ಧೂಳು ಒರೆಸುವ ಮೊದಲೇ ಅವನ ತಕರಾರು ತೀರಬೇಕು. ನಾಳೆ ಅವನು ಬೇರೆ ಊರಿನ ಸಂತೆಗೆ ಹೋಗಬೇಕಲ್ಲ! ನಮ್ಮ ಇಂದಿನ ನ್ಯಾಯಾಲಯಗಳ ಮೆಟ್ಟಿಲು ಹತ್ತಿ ಚಪ್ಪಲಿ ಸವೆಸಿದವರಿಗೆ ಈ ಹೆಸರಿನ ಬೆಲೆ ತಿಳಿಯುತ್ತದೆ.

ಹಾಗೆಂದು ಅಲ್ಲಿಯ ಸಂತೆಮನೆಗಳೆಲ್ಲ ಧರ್ಮಛತ್ರಗಳಾಗಿದ್ದವೆಂದು ಭಾವಿಸಬೇಕಾಗಿಲ್ಲ. ಸಂತೆ ನಡೆಸುವ ಹಕ್ಕನ್ನು ಅರಸನು ಸನದಿನ ಮೂಲಕ ಕೊಡುತ್ತಿದ್ದನು. ಹಕ್ಕು ಪಡೆದ ಧಣಿಯು ಸುಂಕ ಎತ್ತುತ್ತಿದ್ದನು. ಸೂರಿನ ಕೆಳಗೆ ಕೂತವರು ಸೂರಿನ ಬೆಲೆಯನ್ನು ತೆತ್ತೇ ಕೂಡುತ್ತಿದ್ದರು. ಲೆಮಿನ್‌ಸ್ಟರ್ ಎಂಬ ಊರಿನಲ್ಲಿ 1633ರಲ್ಲಿ ಕಟ್ಟಿದ, ಜಾನ್ ಏಬಲ್ ಎಂಬ ಹೆಸರಾಂತ ಬಡಗಿಯ ಕೈಕೆಲಸವೆನ್ನುವ ಸಂತೆಮನೆಯ ಮೇಲೆ, ಕಂಬಗಳು ಕಟ್ಟಡವನ್ನು ಹೊತ್ತಂತೆ ಕುಲೀನರು ರಾಜ್ಯವನ್ನು ಹೊತ್ತಿದ್ದಾರೆಂಬ ಅರ್ಥದ ಮಾತನ್ನು ಕೆತ್ತಿದ್ದಾರೆ. ಆ ಕಂಬಗಳ ನಡುವೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸಿನ ಬಗೆಗೆ ಏನನ್ನೂ ಕೆತ್ತಲಿಲ್ಲ. 19ನೆಯ ಶತಮಾನದ ನಡುವೆ ಆ ಕಟ್ಟಡವನ್ನು ಮಾರಿದರು. ಕೊಂಡವರು ತೊಲೆತೊಲೆಯಾಗಿ ಬಿಚ್ಚಿ ಬೇರೊಂದು ಕಡೆಗೆ ವಾಸದ ಮನೆಯಾಗಿ ಮತ್ತೆ ಕಟ್ಟಿದರು. ಕೆಲಸ ಅಷ್ಟು ಸೊಗಸಾಗಿದ್ದುದರಿಂದ ಕಟ್ಟಡ ಬದುಕಿತು. ಸಂತೆಯ ಜನರಿಗೆ ಮಾತ್ರ ಆ ಸೂರು ತಪ್ಪಿತು.

ನಮ್ಮ ಸತ್ಯವೇದದಲ್ಲಿ ಸಂತೆಪೇಟೆಗಳು ಎಷ್ಟು ಕಡೆ ಬರುತ್ತವೆಂದು ನೋಡಿದರೆ ಆಶ್ಚರ್ಯವಾಗುತ್ತದೆ. ಕರ್ತನಾದ ಯೇಸುಸ್ವಾಮಿಯು ದೇವಾಲಯದೊಳಗಿನ ವ್ಯಾಪಾರಿಗಳನ್ನು ಹೊರಗಟ್ಟಿದ ಪ್ರಸಂಗವನ್ನು ನಾವು ಎಷ್ಟು ಸಲ ಕೇಳಿದ್ದೇವೆಂದರೆ, ಪೇಟೆಯೆಂದರೆ ಆತನಿಗೆ ಆಗದ ಸ್ಥಳವೆಂಬ ಭಾವನೆ ನಮ್ಮಲ್ಲಿ ಉಳಿದುಬಿಟ್ಟಿದೆ. ಆದರೆ ಆತನು ಹೋದ ಊರುಗಳಲ್ಲಿ ಜನರು ರೋಗಿಗಳನ್ನು ತಂದು ಮಲಗಿಸಿದ್ದು ಪೇಟೆಯ ಬೀದಿಗಳಲ್ಲಿ; ಆತನ ಉಡುಪಿನ ಗೊಂಡೆಯನ್ನು ಮುಟ್ಟಿ ಅವರು ಗುಣಹೊಂದಿದ್ದೂ ಅಲ್ಲಿಯೇ ಎಂದು ಮಾರ್ಕನು ಬರೆದಿದ್ದಾನೆ. ದ್ರಾಕ್ಷೇತೋಟದ ಯಜಮಾನನು ಸಂಜೆ ಐದರ ಹೊತ್ತಿನವರೆಗೂ ಆಳುಗಳನ್ನು ಹುಡುಕಿಕೊಂಡು ಮತ್ತೆ ಮತ್ತೆ ಹೋದದ್ದು ಪೇಟೆಗೆ. ಯಾರೂ ಕರೆಯದೆ ದಿನವಿಡೀ ಅಲ್ಲಿ ನಿಂತವರ ಬಿಸಿಲನ್ನು ನಮ್ಮ ಪ್ರಸಂಗಗಳು ಹೆಚ್ಚಾಗಿ ನೆನೆಯುವುದಿಲ್ಲ. 1840ರ ದಶಕದಲ್ಲಿ ಬೆಟಗೇರಿಗೆ ಬಂದ ಬಾಸೆಲ್ ಮಿಷನ್ನಿನವರು ಸುವಾರ್ತೆಯನ್ನು ಹಿಡಿದು ನಿಂತದ್ದೂ ಬಹುಮಟ್ಟಿಗೆ ಸಂತೆ ಜಾತ್ರೆಗಳಲ್ಲಿಯೇ. ನಮ್ಮ ಸಭೆಗಳು ಮೊದಲು ಕೇಳಿಸಿಕೊಂಡದ್ದು ಸಂತೆಯ ಗದ್ದಲದ ನಡುವೆ.

ನಮ್ಮ ಸೀಮೆಯಲ್ಲಿ ಇಂಗ್ಲೆಂಡಿನಂಥ ಸಂತೆಮನೆ ಇಲ್ಲದಿರಬಹುದು. ಆದರೆ ಸಂತೆಯೂರಿಗೊಂದು ಕಟ್ಟಳೆ ಇರಬೇಕೆಂಬ ತಿಳಿವು ನಮಗೆ ಹೊಸದೇನಲ್ಲ. ಲಕ್ಷ್ಮೇಶ್ವರಕ್ಕೆ ಹಿಂದೆ ಪೊರಿಗೆರೆ, ಪುಲಿಗೆರೆ ಎಂಬ ಹೆಸರುಗಳಿದ್ದವು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಸುಮಾರು ಕ್ರಿ.ಶ. 725ರಲ್ಲಿ ಅಲ್ಲಿಯ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ‘ಆಚಾರವ್ಯವಸ್ಥೆ’ಯೊಂದನ್ನು ಮಾಡಿಕೊಟ್ಟ ಕನ್ನಡ ಶಾಸನವಿದೆ. ಅರಸನ ಅಧಿಕಾರಿಗಳು ಊರಿನವರೊಡನೆ ಹೇಗೆ ನಡೆದುಕೊಳ್ಳಬೇಕು, ಊರಿನವರು ಅರಸನಿಗೆ ಏನು ಕೊಡಬೇಕು, ಮನೆಗಳ ಅಂತಸ್ತಿಗೆ ತಕ್ಕಂತೆ ತೆರಿಗೆ ಹೇಗೆ ಏರಿಳಿಯಬೇಕು, ಕಸುಬಿನ ಶ್ರೇಣಿಗಳ ಕಟ್ಟುಪಾಡೇನು — ಇವೆಲ್ಲ ಕಲ್ಲಿನ ಮೇಲಿವೆ. ಎರಡೂ ಕಡೆಯವರನ್ನು ಕಟ್ಟಿಹಾಕುವ ಬರಹವಿದು. ಕೊಡುವವನನ್ನು ಮಾತ್ರವಲ್ಲ, ಕೇಳುವವನನ್ನೂ. ಇಂಗ್ಲೆಂಡಿನ ಊರುಗಳು ತಮ್ಮ ಅರಸರಿಂದ ಸನದು ಪಡೆಯತೊಡಗಿದ ಕಾಲಕ್ಕಿಂತ ಇದು ಕೆಲವು ಶತಮಾನ ಹಿಂದಿನದು. ಲಕ್ಷ್ಮೇಶ್ವರದ ಶಾಲೆಗಳ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸಬೇಕೆಂದು ನನಗೆ ಅನ್ನಿಸುವುದುಂಟು.

ಕಟ್ಟಳೆ ಇತ್ತು, ಸೂರು? ಸೂರಿನ ಕೆಲಸವನ್ನು ಬೇವಿನ ಮರವೋ ಆಲದ ಮರವೋ ಮಾಡುತ್ತಿತ್ತು. ಮುಂದಿನ ಕಾಲದಲ್ಲಿ ಈ ಸೀಮೆ ಹಲವು ಒಡೆತನಗಳಿಗೆ ಹಂಚಿಹೋಯಿತು: ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿಯು ಸಾಂಗ್ಲಿ ಸಂಸ್ಥಾನಕ್ಕೆ, ಗದಗವು ಮುಂಬಯಿ ಸರಕಾರದ ಧಾರವಾಡ ಜಿಲ್ಲೆಗೆ. ಒಂದೇ ದಿನದ ನಡಿಗೆಯಲ್ಲಿ ಮೂರು ಸರಕಾರಗಳು! ಇಂಗ್ಲಿಷರಿಗೆ ಇಲ್ಲಿ ಬೇಕಾದದ್ದು ಬೆಣ್ಣೆಯಲ್ಲ, ಹತ್ತಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ನಮ್ಮ ಎರೆನೆಲದ ಮೇಲೆ ಬಿದ್ದಿತು. 1880ರ ದಶಕದಲ್ಲಿ ಗದಗಕ್ಕೆ ರೈಲು ಬಂದಿತು. ಸೂರುಗಳು ಎದ್ದವು ನಿಜ — ಹತ್ತಿಗೆ, ಅರಳೆಯ ಅಂಡಿಗೆಗಳಿಗೆ. ತಂದವನು ಚಕ್ಕಡಿಯ ಕೆಳಗೆ ಮಲಗಿದನು.

ವ್ಯಾಪಾರದ ರೀತಿಯೂ ಕಾಣದಂಥದ್ದೇ. ದಲಾಲರೂ ಖರೀದಿದಾರರೂ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಿದ್ದರು; ಮಾಲಿನ ಒಡೆಯನಿಗೆ ಟವೆಲ್ಲು ಮಾತ್ರ ಕಾಣುತ್ತಿತ್ತು. 1927ರ ಮುಂಬಯಿ ಹತ್ತಿ ಮಾರುಕಟ್ಟೆ ಕಾಯದೆ, ಆಮೇಲೆ 1966ರ ನಮ್ಮ ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯದೆ ಬಂದು ತೂಕವೂ ಸವಾಲೂ ಬಯಲಿಗೆ ಬಂದವು. ಎಪಿಎಂಸಿ ಪ್ರಾಂಗಣಗಳು ಎದ್ದು ಕಾಳುಕಡಿಗೆ, ಮೆಣಸಿನಕಾಯಿಗೆ, ಶೇಂಗಾಕ್ಕೆ ಕಟ್ಟೆ-ತಗಡಿನ ಮಾಡುಗಳಾದವು. ಕಾಯಿಪಲ್ಲೆಯ ಬುಟ್ಟಿಯವಳು ಆ ಕಾಯದೆಗಳ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ಕಾಪಾಡುವ ಕಾಯದೆ ಬಂದುದು 2014ರಲ್ಲಿ.

ಇಂಗ್ಲಿಷ್ ಮಾದರಿಯ ಮಾರುಕಟ್ಟೆಯ ಕಟ್ಟಡಗಳನ್ನು ನಮ್ಮ ನಾಡಿನಲ್ಲಿ ನೋಡಬೇಕಾದರೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲು, ಅರಿಸಿನ ಕುಂಕುಮದ ಗುಡ್ಡೆಗಳು ಎಲ್ಲರಿಗೂ ಗೊತ್ತು. ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯು 1927ರಲ್ಲಿ ದಂಡುಪ್ರದೇಶದ ಆಡಳಿತಕಾಲದಲ್ಲಿ ಎದ್ದದ್ದು. ಎದುರಿಗೇ 1882ರಲ್ಲಿ ಪ್ರತಿಷ್ಠಿತವಾದ ಸಂತ ಮರಿಯಮ್ಮನವರ ಬೆಸಿಲಿಕಾ. ಸೆಪ್ಟೆಂಬರಿನ ಹಬ್ಬದ ದಿನಗಳಲ್ಲಿ ಮಾರುಕಟ್ಟೆಯ ಹೂವು ದೇವಾಲಯಕ್ಕೂ, ದೇವಾಲಯದ ಜನಸ್ತೋಮ ಮಾರುಕಟ್ಟೆಗೂ ಹರಿಯುತ್ತದೆ. ಯಾವುದು ಯಾವುದರ ಅಂಗಳವೆಂದು ಹೇಳುವುದು ಕಷ್ಟ. ಆ ಮಾರುಕಟ್ಟೆಯ ವ್ಯಾಪಾರಿಗಳಲ್ಲಿ ಬಹಳಷ್ಟು ಮಂದಿ ಮುಸ್ಲಿಂ ಬಂಧುಗಳು.

ಈ ಕಟ್ಟಡಗಳ ಬಾಳೂ ನಿಶ್ಚಿಂತೆಯದಲ್ಲ. 2012ರ ಫೆಬ್ರವರಿಯಲ್ಲಿ ರಸೆಲ್ ಮಾರುಕಟ್ಟೆಗೆ ಬೆಂಕಿ ಬಿದ್ದು ಬಹಳಷ್ಟು ಅಂಗಡಿಗಳು ಸುಟ್ಟವು. ಅದೇ ವರ್ಷದ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ನೆರೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗವೇ ಕುಸಿಯಿತು. ಕೆಡವಿ ಹೊಸದಾಗಿ ಕಟ್ಟಬೇಕೋ, ಇದ್ದುದನ್ನೇ ದುರಸ್ತಿ ಮಾಡಿ ಉಳಿಸಬೇಕೋ ಎಂಬ ವಾದ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಹಳೆಯದೆಂಬ ಮಾತ್ರಕ್ಕೆ ಗೋಡೆಯನ್ನು ಪೂಜಿಸುವವಳು ನಾನಲ್ಲ. ನಾಲ್ವರ ಜೀವ ತೆಗೆದ ಮೇಲೆ ಗಾರೆಯ ಸೊಬಗನ್ನು ಹೊಗಳುವುದು ಕಷ್ಟ. ಆದರೆ ವರ್ಷಾನುಗಟ್ಟಲೆ ಮಾಡು ಸೋರಲು ಬಿಟ್ಟು, ಆಮೇಲೆ ಕಟ್ಟಡಕ್ಕೆ ವಯಸ್ಸಾಯಿತೆನ್ನುವುದು ನ್ಯಾಯವಲ್ಲ. ಹೊಸದು ಎದ್ದಾಗ ನೆಲದ ಮೇಲೆ ಕೂತು ಮಾರುವವರಿಗೆ ನೆಲ ಉಳಿಯುತ್ತದೆಯೇ ಎಂಬುದನ್ನು ನಕ್ಷೆಯಲ್ಲಿ ಮೊದಲು ನೋಡಬೇಕೆಂಬುದಷ್ಟೇ ನನ್ನ ಮಾತು.

ಈ ಮಾತು ನನಗೆ ಈಗ ಯಾಕೆ ಮುಖ್ಯವಾಯಿತೆಂಬುದನ್ನು ಹೇಳಬೇಕು. ನಮ್ಮ ಕಡೆಯ ಊರೊಂದರಲ್ಲಿ ಸಭೆಯ ಆವರಣದ ಗೋಡೆಯು ಸಂತೆಯ ಬೀದಿಗೆ ತಾಗಿದೆ. ಸಂತೆಯ ದಿನ ಆ ಗೋಡೆಯ ನೆರಳಿನಲ್ಲಿ ಹತ್ತಿಪ್ಪತ್ತು ಹೆಂಗಸರು ಸೊಪ್ಪು, ಬದನೆಕಾಯಿ, ಹಸಿಮೆಣಸಿನಕಾಯಿ ಹರವಿಕೊಂಡು ಕೂಡುತ್ತಾರೆ. ಮಧ್ಯಾಹ್ನವಾದರೆ ಗೋಡೆಯ ನೆರಳು ಗೋಡೆಯ ಬುಡಕ್ಕೇ ಸರಿಯುತ್ತದೆ. ಅವರಲ್ಲೊಬ್ಬಳು ವಯಸ್ಸಾದವಳನ್ನು ಹೋದ ಮಳೆಗಾಲದಲ್ಲಿ ಕೇಳಿದ್ದೆ:

“ಮಳಿ ಜೋರ ಬಂದರ ಏನ ಮಾಡ್ತೀಬೇ ಯವ್ವಾ?”

“ಏನ ಮಾಡೂದರಿ ಅಕ್ಕಾರ, ಕೊತ್ತಂಬರಿ ಮ್ಯಾಲ ತಾಡಪತ್ರಿ ಹೊಚ್ಚತೀನಿ. ನಾ ತೊಯ್ಸಿಕೊಂತ ಕುಂದರತೀನಿ. ಕೊತ್ತಂಬರಿ ತೊಯ್ದರ ಕೊಳಿತೈತಿ. ನಾ ಏನ ಕೊಳಿತೀನ್ರಿ?” ಎಂದು ನಕ್ಕಳು.

ಆ ಗೋಡೆಯನ್ನು ತೆಗೆದು ವಾಣಿಜ್ಯ ಮಳಿಗೆಗಳನ್ನು ಕಟ್ಟಿಸಬೇಕೆಂಬ ಯೋಚನೆ ಸಭೆಯ ಮುಂದಿದೆ. ಯೋಚನೆಯನ್ನು ನಾನು ಹಳಿಯುವುದಿಲ್ಲ. ಶಾಲೆಯ ಹಂಚುಗಳು ಒಡೆದಿವೆ, ಸಂಬಳಗಳನ್ನು ಕೊಡಬೇಕು, ಕಾಣಿಕೆಯ ಚೀಲದಿಂದ ಎಲ್ಲವೂ ಆಗುವುದಿಲ್ಲ. ಬಾಡಿಗೆ ಬಂದರೆ ಸಭೆ ನಿಲ್ಲುತ್ತದೆ. ಆದರೆ ಮೊದಲ ನಕ್ಷೆಯಲ್ಲಿ ಶಟರುಗಳು ನೇರವಾಗಿ ಗಟಾರದ ಅಂಚಿಗೆ ಬಂದು ನಿಂತಿದ್ದವು. ಹೆಂಗಸರು ಕೂಡುವ ಜಾಗ ನಕ್ಷೆಯಲ್ಲಿ ಇರಲೇ ಇಲ್ಲ. ಅವರನ್ನು ತೆಗೆಯಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ, ಅವರು ಯಾರ ನೆನಪಿಗೂ ಬಂದಿರಲಿಲ್ಲ, ಅಷ್ಟೆ.

ಕಟ್ಟಡ ಸಮಿತಿಯ ಮುಂದೆ ನಾನು ಮಾರ್ಕೆಟ್ ಹಾರ್ಬರೋ, ಲೆಡ್‌ಬರಿಗಳ ಚಿತ್ರಗಳನ್ನಿಟ್ಟೆ. ಮಳಿಗೆಗಳನ್ನು ಎಂಟು ಅಡಿ ಹಿಂದಕ್ಕೆ ಸರಿಸೋಣ, ಮುಂದೆ ಕಂಬಗಳ ಪಡಸಾಲೆ ಬರಲಿ, ಮೇಲಿನ ಅಂತಸ್ತು ಅದರ ಮೇಲೂ ಚಾಚಿಕೊಳ್ಳಲಿ, ಅಲ್ಲಿ ಸಂಜೆಯ ಹೊತ್ತು ಸಂತೆಯವರ ಮಕ್ಕಳೂ ನಮ್ಮ ಮಕ್ಕಳೂ ಕೂತು ಓದಲಿ ಎಂದೆ. ಒಬ್ಬ ಹಿರಿಯರು ಕನ್ನಡಕ ತೆಗೆದು, “ಕಟ್ಟೆ ಮಾಡಿಕೊಟ್ಟರ ಅಲ್ಲೇ ಬೇರು ಬಿಡ್ತಾರ್ರಿ, ಆಮೇಲೆ ಎಬ್ಬಸೂದು ಹೆಂಗ?” ಎಂದರು. ಇನ್ನೊಬ್ಬರು, ಎಂಟು ಅಡಿ ಬಿಟ್ಟರೆ ಮಳಿಗೆಯ ಆಳ ಕಡಿಮೆಯಾಗುತ್ತದೆ, ಬಾಡಿಗೆಯೂ ಕಡಿಮೆಯಾಗುತ್ತದೆಂದು ಲೆಕ್ಕ ಹಾಕಿ ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ಮೇಲಿನ ಅಂತಸ್ತು ಮುಂದಕ್ಕೆ ಚಾಚುವುದರಿಂದ ಸಿಗುವ ಜಾಗವನ್ನು ಅವರು ಸೇರಿಸಿರಲಿಲ್ಲ. ಅದನ್ನು ನಾನು ಸೇರಿಸಿ ತೋರಿಸಿದೆ. ಎಂಟು ಅಡಿಯ ಬದಲು ಆರು ಅಡಿ ಸಾಕಾಗದೇ ಎಂದು ಅವರು ಕೇಳಿದರು. ಬುಟ್ಟಿಗೆ ಎರಡು ಅಡಿ, ಕೂತವಳಿಗೆ ಮೂರು ಅಡಿ, ಕೊಳ್ಳುವವರು ನೆನೆಯದೆ ನಿಲ್ಲಲು ಮೂರು ಅಡಿ ಎಂದು ಸಂತೆಯ ದಿನ ನಾನೇ ಟೇಪು ಹಿಡಿದು ಅಳೆದುಕೊಂಡು ಬಂದಿದ್ದೆ.

ನಕ್ಷೆ ಈಗ ತಿದ್ದುಪಡಿಗೆಂದು ಇಂಜಿನಿಯರರ ಬಳಿಗೆ ಹೋಗಿದೆ. ಎಂಟು ಎಂಬ ಅಂಕಿಯನ್ನು ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದೇವೆ.